ಹೊತ್ತು ಹುಟ್ಟದ ಊರಿಗೆ ಟಿಕೆಟ್

ಜಮಖಂಡಿಯಲ್ಲಿ ಬಟ್ಟೆ ಅಂಗಡಿಯೊಂದರ ಮೇಲೆ ನನ್ನ ಟ್ರಾವೆಲ್ಸ್ ಆಫೀಸು ಇದೆ. ಒಂದು ಕೋಣೆ, ಒಂದು ಫ್ಯಾನು, ಬಂದವರಿಗೆ ಕೂರಲು ಕುರ್ಚಿಗಳು. ಹೊರಗಿನ ಬೋರ್ಡಿನ ಮೇಲೆ ಕಾಶಿ, ಶಿಖರಜಿ, ರಾಮೇಶ್ವರ ಅಂತ ಬರೆಸಿದ್ದೇನೆ. ನನ್ನ ಹೊಟ್ಟೆ ತುಂಬಿಸುವುದು ಅವೇ, ಸುಳ್ಳೇಕೆ ಹೇಳಲಿ. ಆದರೆ ಬಂದವರು ಕೂತು ನೀರು ಕುಡಿಯುವಷ್ಟರಲ್ಲಿ ನಾನು ಮಾತನ್ನು ನಾರ್ವೆಗೆ ತಿರುಗಿಸಿರುತ್ತೇನೆ. ಜೈನರ ಯಾತ್ರಾಸ್ಥಳ ಶಿಖರಜಿಗೆ ಟಿಕೆಟ್ ಕೇಳಲು ಬಂದವರಿಗೂ ನಾರ್ವೆ, ಪಾಸ್‌ಪೋರ್ಟಿನ ವಿಳಾಸ ಬದಲಿಸಲು ಬಂದವರಿಗೂ ನಾರ್ವೆ. ಬಜಾರದಲ್ಲಿ ನನಗೆ ‘ನಾರ್ವೆ ಅಕ್ಕ’ ಅಂತಲೇ ಹೆಸರು. ಬೆನ್ನ ಹಿಂದೆ ಇನ್ನೂ ಏನೇನೋ ಅನ್ನುತ್ತಿರಬಹುದು, ಅನ್ನಲಿ.

ಈ ಹುಚ್ಚು ಹಿಡಿದದ್ದು ಹೀಗೆ. ನಾನು ಗಿರಾಕಿಗಳನ್ನು ಕಳಿಸುವ ಪುಣೆಯ ಕಂಪನಿಯೊಂದು ಕೆಲವು ವರ್ಷಗಳ ಹಿಂದೆ ನಮ್ಮಂಥ ಸಣ್ಣ ಊರಿನ ಏಜೆಂಟರನ್ನು ತಾನೇ ಖರ್ಚು ಹಾಕಿ ನಾರ್ವೆಗೆ ಕರೆದೊಯ್ದಿತ್ತು. ನೀವು ಕಣ್ಣಾರೆ ನೋಡಿದರೆ ತಾನೇ ಮಾರೋದು ಅನ್ನುವುದು ಅವರ ಲೆಕ್ಕ. ನಮ್ಮ ಕಡೆಯ ಬಿಸಿಲು ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಏಪ್ರಿಲ್ ಬಂತೆಂದರೆ ಮಾಳಿಗೆ ಮೇಲೆ ಕಾಲಿಡಲಾಗುವುದಿಲ್ಲ. ಅಂಥ ಊರಿನವಳು ಅಲ್ಲಿ ಮೊಣಕಾಲುದ್ದ ಹಿಮದಲ್ಲಿ ನಿಂತು ಕತ್ತೆತ್ತಿದೆ. ಆಕಾಶದ ತುಂಬ ಹಸಿರು ಬೆಳಕು, ನಾರ್ದರ್ನ್ ಲೈಟ್ಸ್ ಅನ್ನುತ್ತಾರಲ್ಲ ಅದು, ಸದ್ದಿಲ್ಲದೆ ಅತ್ತಿತ್ತ ಸರಿದಾಡುತ್ತಿತ್ತು. ಬಾಯಿ ಜೋರಿನ ಹೆಂಗಸು ಅಂತ ಹೆಸರಾದ ನಾನು ಆವತ್ತು ಮಾತೇ ಆಡಲಿಲ್ಲ. ಊರಿಗೆ ಬಂದ ಮೇಲೆ ಮಾತ್ರ ನಿಲ್ಲಿಸಿಲ್ಲ.

ಮಾರುವುದು ಸುಲಭವಿರಲಿಲ್ಲ. ರನ್ನ ಬೆಳಗಲಿಯ ರೈತರೊಬ್ಬರು ನನ್ನ ವರ್ಣನೆಯನ್ನೆಲ್ಲ ಸಮಾಧಾನದಿಂದ ಕೇಳಿ, “ಅಲ್ಲಿ ಕಬ್ಬ ಬೆಳಿತೈತೇನ್ರಿ ಅಕ್ಕಾರ?” ಅಂದರು. ಇಲ್ಲ ಅಂದೆ. “ಮತ್ತೇನ ನೋಡಾಕ ಹೋಗೂದ್ರಿ?” ಅಂತ ನಕ್ಕು, ಚಹಾ ಕುಡಿದು ಎದ್ದು ಹೋದರು. ನನಗೆ ಸಿಟ್ಟು ಬಂದು ಮುಂದಿನ ಗಿರಾಕಿಯ ಮೇಲೆ ಹರಿಹಾಯ್ದೆ. ಹೀಗೆ ಎಷ್ಟೋ ಜನರ ಮುಂದೆ ಗಂಟಲು ಹರಿದುಕೊಂಡ ಮೇಲೆ ಸಿಕ್ಕವರು ತೇರದಾಳದ ಆಯಿ.

ಅವರದು ಅರಿಷಿಣದ ವ್ಯಾಪಾರದ ಜೈನ ಮನೆತನ. ಆಯಿಗೆ ಎಪ್ಪತ್ತರ ಆಚೆ ವಯಸ್ಸು. ಮಗನ ಜೊತೆ ಶಿಖರಜಿಯ ಟಿಕೆಟ್ ಒಯ್ಯಲು ಬಂದಿದ್ದರು. ಮಗ ಫೋನಿನಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದಾಗ ನಾನು ಅಭ್ಯಾಸಬಲದಿಂದ ನನ್ನ ಮೊಬೈಲಿನಲ್ಲಿ ಆ ಹಸಿರು ಬೆಳಕಿನ ವಿಡಿಯೋ ಹಚ್ಚಿ ಅವರ ಕೈಗೆ ಕೊಟ್ಟೆ. ಅವರು ನೋಡಿದರು, ಸೆರಗಿನಿಂದ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. “ಇದು ಖರೇನ ತಂಗಿ?” ಅಂದರು. ಖರೇನ ಅಂದೆ. “ನನಗ ಇದನ್ನ ನೋಡಬೇಕು” ಅಂದರು.

ಮಗನಿಗೆ ನಂಬಿಕೆಯಾಗಲಿಲ್ಲ. “ನಮ್ಮವ್ವ ಇಲ್ಲೀತನಕ ತನಗಂತ ಒಂದ ಸೀರಿ ಸೈತ ಕೇಳಿಲ್ರಿ” ಅಂದರು. ಹಾಗೆ ಕೇಳದವರು ಕೇಳಿದ್ದರಿಂದ ಮನೆಯಲ್ಲಿ ಯಾರಿಗೂ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಆಯಿ, ಮಗ, ಸೊಸೆ ಹೊರಡುವುದೆಂದಾಯಿತು. ಬನಹಟ್ಟಿಯಲ್ಲಿ ಸೀರೆ ನೇಯಿಸುವ ಗಂಡ ಹೆಂಡತಿ ಇಬ್ಬರು, ಬಹಳ ದಿನದಿಂದ ನನ್ನ ಮಾತಿಗೆ ಅರ್ಧ ಒಪ್ಪಿದ್ದವರು, ಇವರು ಹೋಗುತ್ತಾರೆಂದು ತಿಳಿದು ಪೂರ್ತಿ ಒಪ್ಪಿದರು. ನನ್ನ ಮೊದಲ ನಾರ್ವೆ ತಂಡ! ನಾನೇ ಜೊತೆಗೆ ಹೊರಟೆ. ಕತ್ತಲೆ ಹೆಚ್ಚಿದ್ದಷ್ಟೂ ಬೆಳಕು ಚೆನ್ನಾಗಿ ಕಾಣುತ್ತದೆಂದು ಡಿಸೆಂಬರ್ ಗೊತ್ತು ಮಾಡಿದೆ.

ಜೈನರ ಪ್ರವಾಸ ನನಗೆ ಹೊಸದಲ್ಲ. ನಾನು ಜೈನಳಲ್ಲದಿದ್ದರೂ ಗಿರಾಕಿಗಳಲ್ಲಿ ಅರ್ಧದಷ್ಟು ಅವರೇ. ಗಡ್ಡೆ ಯಾವುದೂ ನಡೆಯದು, ಬಟಾಟೆ ಬೇಡ, ಉಳ್ಳಾಗಡ್ಡಿ ಬೇಡ, ಬಳ್ಳೊಳ್ಳಿ ಬೇಡ ಅಂತ ದೇಶದ ಎಲ್ಲ ದಿಕ್ಕಿನ ಅಡುಗೆಯವರ ಜೊತೆ ಜಗಳ ತೆಗೆದವಳು ನಾನು. ಈ ಸಲವೂ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಹುರಿದ ಅವಲಕ್ಕಿ ಎಲ್ಲ ಕಟ್ಟಿಕೊಂಡು ಹೋಗುವುದೆಂದು ನಿಶ್ಚಯಿಸಿದ್ದೆವು. ಊಟದ ಚಿಂತೆ ಮುಗಿಯಿತು ಅಂದುಕೊಂಡಿದ್ದೆ.

ವೀಸಾಕ್ಕೆ ಬೇಕಾದ ಕಾಗದಪತ್ರ ತರಲು ಒಂದು ಸಂಜೆ ತೇರದಾಳಕ್ಕೆ ಹೋದೆ. ಬಿಸಿಲು ಗೋಡೆಯ ಮೇಲೇರಿತ್ತು. ಆಯಿ ಆಗಲೇ ರಾತ್ರಿಯ ಊಟ ಮುಗಿಸಿ, ಬಾಯಿ ಮುಕ್ಕಳಿಸಿ, ನೀರಿನ ತಂಬಿಗೆ ಬೋರಲು ಹಾಕಿದರು. ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲ, ಮರುದಿನ ಹೊತ್ತು ಹುಟ್ಟುವ ತನಕ ನೀರೂ ಮುಟ್ಟುವುದಿಲ್ಲ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನಡೆಸಿಕೊಂಡು ಬಂದ ನೇಮ. ನಾನು ಅವರ ಪಕ್ಕದಲ್ಲಿ ಕೂತು ನನ್ನ ಪುರಾಣ ಶುರು ಮಾಡಿದೆ. “ಆಯಿ, ನಾವ ಹೋಗೂ ಊರಾಗ ಡಿಸೆಂಬರದಾಗ ಹೊತ್ತ ಹುಟ್ಟೂದಿಲ್ಲ ನೋಡ್ರಿ! ನಡುಮಧ್ಯಾಹ್ನ ಒಂದೀಟ ನಸುಕ ಹರಿದಂಗ ಆಗತೈತಿ, ಮತ್ತ ಕತ್ತಲಿ!”

ಆಯಿ ನನ್ನ ಮುಖವನ್ನೇ ನೋಡಿದರು. “ಹೊತ್ತ ಹುಟ್ಟೂದ ಇಲ್ಲಂದ್ರ ನಾ ಯಾವಾಗ ಉಣ್ಣಲಿ ತಂಗಿ?”

ನಾನು, ಅವರ ಮಗ, ಪುಣೆಯ ಕಂಪನಿಯವರು, ಎಲ್ಲರೂ ಬಟಾಟೆಯ ಬಗ್ಗೆ ತಿಂಗಳುಗಟ್ಟಲೆ ಚರ್ಚಿಸಿದ್ದೆವು. ಸೂರ್ಯನ ಬಗ್ಗೆ ಯಾರೂ ಯೋಚಿಸಿರಲಿಲ್ಲ. ಸೂರ್ಯ ದಿನಾ ಬರುತ್ತಾನೆ ಅನ್ನುವುದನ್ನು ಬಿಸಿಲನಾಡಿನವರು ಯಾಕೆ ಅನುಮಾನಿಸಬೇಕು?

ಮಗ ಸಮಾಧಾನ ಹೇಳಿದರು. “ಅವ್ವಾ, ಫೋನಿನ್ಯಾಗ ತೇರದಾಳದ ಹೊತ್ತ ನೋಡಿ ಉಣ್ಣು. ಇಲ್ಲಿ ಹುಟ್ಟಿದಾಗ ಹುಟ್ಟಿತು, ಇಲ್ಲಿ ಮುಳಗಿದಾಗ ಮುಳಗಿತು ಅಂತ ತಿಳಕೊಂಡ್ರಾತು.”

“ಅಲ್ಲಿ ನಿಂತ ಇಲ್ಲೀ ಹೊತ್ತ ನೋಡಿದ್ರ ನಾ ಅಲ್ಲಿಗೆ ಹೋದಂಗರ ಹೆಂಗಾತೋ?” ಅಂದರು ಆಯಿ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಯಿತು. ಆಮೇಲೆ ನನ್ನ ಕೈ ತಟ್ಟಿ, “ನೀವೆಲ್ಲ ಹೋಗಿ ಬರ್ರಿ ಯವ್ವಾ. ನನಗ ಮೊಬೈಲದಾಗ ತೋರಸ್ರಿ, ಸಾಕು” ಅಂದರು.

ಜಮಖಂಡಿಗೆ ಬರುವ ದಾರಿಯುದ್ದಕ್ಕೂ ನನ್ನೊಳಗೆ ನಾನೇ ಜಗಳವಾಡಿದೆ. ಅವರಿಗೂ ಬೈದೆ, ಸೂರ್ಯನಿಗೂ ಬೈದೆ. ಜೀವಮಾನದಲ್ಲಿ ಒಂದೇ ಒಂದು ಆಸೆ ಬಾಯಿಬಿಟ್ಟು ಹೇಳಿದ ಹೆಂಗಸು ಅದನ್ನು ಇಷ್ಟು ಹಗುರಾಗಿ ಮಡಿಚಿ ಇಟ್ಟುಬಿಟ್ಟರಲ್ಲ! ಅವರಿಲ್ಲದೆ ಹೋಗಿ ನಾನು ಆ ಬೆಳಕನ್ನು ಯಾವ ಮುಖದಿಂದ ನೋಡಲಿ? ಮರುದಿನ ಆಫೀಸಿನ ಬಾಗಿಲು ತೆಗೆದವಳೇ ನಾರ್ವೆಗೆ ಫೋನು ಹಚ್ಚಿದೆ. ಹಿಂದಿನ ಸಲ ನಾನು ಇಳಿದುಕೊಂಡಿದ್ದ ಮನೆಯಾಕೆಗೆ. ತನ್ನ ಮನೆಯ ಕೋಣೆಗಳನ್ನು ಪ್ರವಾಸಿಗರಿಗೆ ಕೊಡುವ ಹೆಂಗಸು ಆಕೆ. ನನ್ನ ಜಮಖಂಡಿ ಇಂಗ್ಲಿಷಿನಲ್ಲಿ ಆಯಿಯ ನೇಮವನ್ನು ವಿವರಿಸಿದೆ. ನಗುತ್ತಾಳೇನೋ ಅಂದುಕೊಂಡರೆ ಆಕೆ ನಗಲಿಲ್ಲ. ಜನವರಿಯ ಕೊನೆಗೆ ಬನ್ನಿ ಅಂದಳು. ಆಗ ನಮ್ಮೂರಿಗೆ ಸೂರ್ಯ ಮರಳಿ ಬರುತ್ತಾನೆ. ಮೊದಲ ದಿನ ಗುಡ್ಡದ ಸಂದಿಯಲ್ಲಿ ಸ್ವಲ್ಪ ಹೊತ್ತು ಕಾಣುತ್ತಾನೆ, ಆಮೇಲೆ ದಿನಾ ಇಷ್ಟಿಷ್ಟೇ ಹೆಚ್ಚು. ಉಳಿದದ್ದೆಲ್ಲ ಕತ್ತಲೇ, ಹಸಿರು ಬೆಳಕಿಗೂ ಮೋಸವಿಲ್ಲ.

ವೀಸಾದ ಅರ್ಜಿ ಇನ್ನೂ ಹೋಗಿರಲಿಲ್ಲ, ನನ್ನ ಪುಣ್ಯ. ಬನಹಟ್ಟಿಯ ದಂಪತಿಗೆ ಜನವರಿಯಲ್ಲಿ ಮದುವೆ ಸೀರೆಗಳ ಗಡಿಬಿಡಿ. ಹೆದರುತ್ತಲೇ ಕೇಳಿದೆ. “ಆಯಿ ಬರೂದಾದ್ರ ಮಗ್ಗ ನಾಕ ದಿನ ಮಂದಿ ಮ್ಯಾಲ ಬಿಟ್ಟ ಬರತೇವ್ರಿ” ಅಂದರು. ಅವರ ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. ಸೂರ್ಯ ಸ್ವಲ್ಪ ಹೊತ್ತೇ ಇರುತ್ತಾನೆ ಅಂತ ತೇರದಾಳಕ್ಕೆ ಹೋಗಿ ಹೇಳಿದಾಗ ಆಯಿ, “ಒಪ್ಪತ್ತ ಉಂಡ್ರಾತು, ನನಗೇನ ಅದು ಹೊಸಾದ?” ಅಂದರು. ಎದ್ದು ಹೋಗಿ ರೊಟ್ಟಿಗೆ ಜೋಳ ಹಸನು ಮಾಡಲು ಕೂತರು!

ಹೊರಟೆವು. ಆ ದೇಶದ ರಾಜಧಾನಿಯಲ್ಲಿ ಇಳಿದಾಗ ಸೂರ್ಯನಿದ್ದ. ಆಯಿ ಹಗಲಿರುವಾಗಲೇ ಉಂಡರು. ಮಧ್ಯಾಹ್ನದ ವಿಮಾನದಲ್ಲಿ ಉತ್ತರಕ್ಕೆ ಹಾರಿ, ಆ ಮನೆಯಾಕೆಯ ಬಾಗಿಲು ತಟ್ಟುವಾಗ ಕತ್ತಲೆ ಕವಿದಿತ್ತು. ಬೂಟು ಬಿಚ್ಚುವ ಮೊದಲೇ ಆಕೆ ನಮ್ಮನ್ನು ಹಿತ್ತಲಿಗೆ ಓಡಿಸಿದಳು. ನಮ್ಮ ಅದೃಷ್ಟ, ಮುಗಿಲು ತಿಳಿಯಾಗಿತ್ತು. ಹಸಿರು ಬೆಳಕು ಗುಡ್ಡದ ಹಿಂದಿನಿಂದೆದ್ದು ನಮ್ಮ ತಲೆಯ ಮೇಲೆ ಹಾಯ್ದು ಸಮುದ್ರದ ಕಡೆ ಹೋಯಿತು. ಬನಹಟ್ಟಿಯಾಕೆ ಗಂಡನ ತೋಳು ಹಿಡಿದು, “ಈ ಬಣ್ಣಾ ನಮ್ಮ ಸೀರಿಗೆ ಬರತೈತೇನ್ರಿ?” ಅಂತ ಪಿಸುಗುಟ್ಟಿದಳು. ಆಯಿ ಕಣ್ಣೀರು ಒರೆಸಿಕೊಳ್ಳುವುದನ್ನೂ ಮರೆತು ನೋಡುತ್ತಲೇ ಇದ್ದರು. ಚಳಿಗೆ ಹೆದರಿ ಸೊಸೆ ಕೈ ಹಿಡಿದು ಒಳಗೆ ಕರೆತರಬೇಕಾಯಿತು.

ಮರುದಿನ ಸೂರ್ಯ ಬರಬೇಕಾದ ದಿನ. ಬೆಳಿಗ್ಗೆ ಎದ್ದು ನೋಡಿದರೆ ಹಿಮ ಸುರಿಯುತ್ತಿದೆ. ಗುಡ್ಡವೂ ಇಲ್ಲ, ಮುಗಿಲೂ ಇಲ್ಲ, ಎಲ್ಲ ಬಿಳಿ. ಆಯಿ ಹಿಂದಿನ ದಿನದ ಊಟದ ಮೇಲೆ ನೀರೂ ಕುಡಿದಿರಲಿಲ್ಲ. ಮೋಡದ ಹಿಂದಿದ್ದರೂ ಹೊತ್ತು ಹೊತ್ತೇ ಅಲ್ಲವೇ ಅಂತ ಸೊಸೆ ಹೇಳಿ ನೋಡಿದಳು. ತೇರದಾಳದಲ್ಲಾದರೆ ಹೌದು, ಅಲ್ಲಿ ಅದು ಹುಟ್ಟಿರುವುದು ಖಾತ್ರಿ. ಇಲ್ಲಿ ಹುಟ್ಟಿದೆಯೋ ಇಲ್ಲವೋ ಕಾಣದೆ ಹೇಗೆ ನಂಬಲಿ ಅಂದರು ಆಯಿ. ಮಗ ನನ್ನನ್ನು ಪಕ್ಕಕ್ಕೆ ಕರೆದು, “ನಮ್ಮವ್ವಗ ಏನರ ಆದ್ರ ನಾ ಸುಮ್ನಿರೂದಿಲ್ರಿ” ಅಂದರು. ಬೇರೆ ದಿನವಾಗಿದ್ದರೆ ನಾನೂ ಎರಡು ಮಾತು ಅಂದಿರುತ್ತಿದ್ದೆ. ಆವತ್ತು ತಲೆ ತಗ್ಗಿಸಿ ನಿಂತೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ.

ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಮನೆಯಾಕೆ ನಮ್ಮನ್ನು ದಿನ್ನೆಯ ಮೇಲೆ ಕರೆದುಕೊಂಡು ಹೋದಳು. ಅಲ್ಲಿ ಆಗಲೇ ಊರಿನ ಜನ ಸೇರಿದ್ದರು, ಸಾಲೆಯ ಮಕ್ಕಳ ಹಿಂಡೂ ಇತ್ತು. ಒಂದೊಂದು ಮಗುವಿನ ಕೈಯಲ್ಲೂ ಸಕ್ಕರೆ ಹಚ್ಚಿದ ಬನ್ನು. ಒಬ್ಬರೂ ತಿನ್ನುತ್ತಿರಲಿಲ್ಲ. ಸಣ್ಣದೊಂದು ಹುಡುಗಿ ಆಸೆ ತಡೆಯಲಾರದೆ ಬನ್ನನ್ನು ಮೂಗಿನ ಹತ್ತಿರ ಹಿಡಿದು ಬರೀ ವಾಸನೆ ನೋಡುತ್ತಿತ್ತು.

“ಯಾಕ ತಿನ್ನವಲ್ಲವು ಕೂಸುಗೋಳು?” ಆಯಿ ಕೇಳಿದರು.

ನಾನು ಮನೆಯಾಕೆಯನ್ನು ಕೇಳಿ ತಿಳಿದು ಹೇಳಿದೆ: “ಹೊತ್ತ ಕಾಣೂತನಕ ತಿನ್ನಬಾರದಂತ ಟೀಚರ್ ಹೇಳ್ಯಾರಂತ್ರಿ ಆಯಿ. ಇವತ್ತ ಸೂರ್ಯ ಬಂದ ಮ್ಯಾಲ ಎಲ್ಲಾರೂ ಕೂಡಿ ತಿನ್ನೂದಂತ.”

ಆಯಿ ಆ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನೋಡಿದರು. “ಹಂಗಾರ ನಾ ಒಬ್ಬಾಕೀನ ಅಲ್ಲ” ಅಂದರು. ಆಮೇಲೆ ಅವರೂ ಆ ಮಕ್ಕಳ ಸಾಲಿನಲ್ಲೇ ಹೋಗಿ ನಿಂತರು, ಶಾಲು, ಸ್ವೆಟರು, ಅದರ ಮೇಲೆ ಮಗನ ದೊಡ್ಡ ಕೋಟು ಹಾಕಿಕೊಂಡು, ರೊಟ್ಟಿಯ ಗಂಟನ್ನು ಎದೆಗೆ ಅವುಚಿಕೊಂಡು.

ಹಿಮ ನಿಂತಿತು. ಎರಡು ಗುಡ್ಡಗಳ ನಡುವೆ ಮೋಡ ಹರಿದು, ಅಲ್ಲಿ ಕಿತ್ತಳೆ ಬಣ್ಣದ ಒಂದು ಗೆರೆ ಎದ್ದಿತು. ನೋಡನೋಡುತ್ತ ಅದು ತುಂಬಿಕೊಂಡು ಮಕ್ಕಳ ಮುಖದ ಮೇಲೆ ಬಿತ್ತು. ಆ ಕೂಗಾಟ! ಟೀಚರು ಕೂಗಿದರು, ಮನೆಯಾಕೆ ಕೂಗಿದಳು, ನಮ್ಮ ಬನಹಟ್ಟಿಯವರೂ ಏನೆಂದು ತಿಳಿಯದೆಯೇ ಕೂಗಿದರು. ದಿನಾ ತಲೆಯ ಮೇಲೆ ಸುಡುವ ಸೂರ್ಯನಿಗೆ ನಾನು ಬೈದದ್ದೇ ಹೆಚ್ಚು. ಆವತ್ತು ಅವನನ್ನು ನೋಡಿ ಎಲ್ಲರಿಗಿಂತ ಜೋರಾಗಿ ನಾನೇ ಕೂಗಿದೆ. ನನ್ನನ್ನು ನಂಬಿ ಇಷ್ಟು ದೂರ ಬಂದ ಜೀವಕ್ಕೆ ಒಂದು ತುತ್ತು ಸಿಕ್ಕಿತಲ್ಲ ಅಂತ ಕಾಣುವ ದೇವರಿಗೂ ಕಾಣದ ದೇವರಿಗೂ ಕೈಮುಗಿದೆ. ನನ್ನ ಹುಚ್ಚಿಗೆ ಜೊತೆಯಾದ ಐದು ಜನರಿಗೂ, ಫೋನಿನಲ್ಲಿ ನಗದೆ ಇದ್ದ ಆ ಹೆಂಗಸಿಗೂ ನಾನು ಋಣಿ. ನನ್ನ ಉದ್ಯೋಗ ನನಗೆ ಕೊಟ್ಟದ್ದರಲ್ಲಿ ಆ ದಿನದಷ್ಟು ದೊಡ್ಡದು ಬೇರೆ ಇಲ್ಲ.

ಆಯಿ ಕಣ್ಣು ಮುಚ್ಚಿ ತಮ್ಮ ಮಂತ್ರ ಹೇಳಿಕೊಂಡರು. ಮಕ್ಕಳೆಲ್ಲ ಬನ್ನಿಗೆ ಬಾಯಿ ಹಾಕುವ ತನಕ ಕಾದರು. ಸೊಸೆ ಕೊಟ್ಟ ಬಿಸಿನೀರು ಕುಡಿದು, ಗಂಟು ಬಿಚ್ಚಿ, ರೊಟ್ಟಿ ಮುರಿದು ಚಟ್ನಿ ಹಚ್ಚಿದರು. ಆ ಮೊದಲ ತುತ್ತನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ನನ್ನ ಕಡೆ ತಿರುಗಿ ನನ್ನ ಬಾಯಿಯ ಹತ್ತಿರ ಹಿಡಿದರು.

“ನಿನ್ನಿ ಮಧ್ಯಾಹ್ನದಿಂದ ನೀನೂ ಏನೂ ತಿಂದಿಲ್ಲ. ನಾ ಉಣ್ಣಲಿಲ್ಲಂತ ನೀ ಉಣ್ಣಲಿಲ್ಲ. ನನಗ ಕಾಣೂದಿಲ್ಲಂತ ತಿಳದೀಯೇನ?”

ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ರೊಟ್ಟಿ ಬಾಯಲ್ಲಿಟ್ಟುಕೊಂಡು ಗೊಳೋ ಅಂತ ಅತ್ತೆ, ನುಂಗಲೂ ಆಗಲಿಲ್ಲ. ಆಯಿ ಬೆನ್ನು ಸವರುತ್ತ ಗುಡ್ಡದ ಕಡೆ ಕಣ್ಣು ಹಾಯಿಸಿದರು.

“ಆಮ್ಯಾಲ ಅಳುವಂತಿ, ಲಗೂನ ಉಣ್ಣ ನನ್ನವ್ವಾ” ಅಂದರು. “ಹೊತ್ತ ಹೊಂಟೈತಿ.”