ಮುಳ್ಳಿಗಿಂತ ಮೊದಲು ಮುಖ ನೋಡುವ ತೂಕದಕ್ಕ

ಬೆಳಿಗ್ಗೆ ಆರು ಗಂಟೆ. ಆಸ್ಪತ್ರೆಯ ಕೀಲುರೋಗ ವಿಭಾಗದ ಬಾಗಿಲು ಇನ್ನೂ ತೆರೆದಿಲ್ಲ. ಹೊರಗಿನ ಕಾರಿಡಾರಿನಲ್ಲಿ ಒಬ್ಬ ಹೆಂಗಸು ತೂಕದ ಯಂತ್ರದ ಮೇಲೆ ನೀರು ತುಂಬಿದ ಕ್ಯಾನು ಇಟ್ಟು, ಬಗ್ಗಿ ಮುಳ್ಳು ನೋಡುತ್ತಿದ್ದಾರೆ. ಮುಳ್ಳು ನಿನ್ನೆ ನಿಂತಲ್ಲೇ ನಿಂತರೆ ಯಂತ್ರ ಸರಿಯಿದೆ ಎಂದರ್ಥ. “ಇದಕ್ಕೂ ಒಂದೊಂದು ದಿನ ಮೈ ಹುಷಾರಿರಲ್ಲ” ಎಂದು ನಗುತ್ತಾರೆ. ಎಲ್ಲರಿಗೂ ಅವರು ತೂಕದಕ್ಕ.

ದಿನಕ್ಕೆ ನೂರಿಪ್ಪತ್ತು ಜನ ಈ ಯಂತ್ರ ಹತ್ತಿ ಇಳಿಯುತ್ತಾರೆ. ಮೊದಲು ಇದೇ ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ತೂಕದಕ್ಕನ ಬೆರಳುಗಳು ಸಂಧಿವಾತದಿಂದ ಸೊಟ್ಟಗಾದವು. ಹನ್ನೊಂದು ವರ್ಷದ ಹಿಂದೆ ಇಲ್ಲಿಗೆ ಹಾಕಿದರು. ತೂಕ ಬರೆಯುವುದಷ್ಟೇ ಕೆಲಸ.

ಅಷ್ಟಕ್ಕೇ ಅವರು ನಿಲ್ಲಲಿಲ್ಲ. ದೇಹದ ಕಾವಲು ಪಡೆ ದೇಹದ ಮೇಲೇ ತಿರುಗಿಬೀಳುವ ಇಂಥ ಕೆಲವು ಕಾಯಿಲೆಗಳಲ್ಲಿ ಆ ಪಡೆಯ ಕಣಗಳಿಗೆ ವರ್ಷಗಟ್ಟಲೆ ಬಿಡುವಿರುವುದಿಲ್ಲ. ಕೆಲವರಲ್ಲಿ ಅವೇ ಹದ ತಪ್ಪಿ ಲಿಂಫೋಮಾ ಎಂಬ ಕ್ಯಾನ್ಸರ್ ಆಗುತ್ತವೆ. ಹೆಚ್ಚಿನವರಿಗೆ ಬರುವುದಿಲ್ಲ, ಆದರೂ ಈ ಕಾಯಿಲೆ ಇಲ್ಲದವರಿಗಿಂತ ಇವರಿಗೆ ಅಪಾಯ ಜಾಸ್ತಿ. ಇದನ್ನು ಡಾಕ್ಟರ ಬಾಯಲ್ಲಿ ಕೇಳಿದ ತೂಕದಕ್ಕ ಮೂರು ಪ್ರಶ್ನೆ ಇಟ್ಟುಕೊಂಡಿದ್ದಾರೆ. ಸುಮ್ಮಸುಮ್ಮನೆ ತೂಕ ಇಳಿದಿದೆಯಾ? ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರುತ್ತೀರಾ? ಎಲ್ಲಾದರೂ ಗಂಟು ಬಂದು ಹೋಗದೆ ಕೂತಿದೆಯಾ?

ನಾಲ್ಕು ತಿಂಗಳ ಹಿಂದೆ ತರಕಾರಿ ಮಾರುವ ಹಿರಿಯಾಕೆ ಬಂದಿದ್ದರು. ಕಣ್ಣು, ಬಾಯಿ ಒಣಗಿಸುವ ಕಾಯಿಲೆ. ಕೆನ್ನೆ ಊದುವುದು, ಇಳಿಯುವುದು ಎಂಟು ವರ್ಷದಿಂದ ಇದ್ದದ್ದೇ. ಯಂತ್ರ ಹಿಂದಿನ ಸಲದಷ್ಟೇ ತೂಕ ತೋರಿಸಿತು. ಆದರೆ ಕೈಗಡಿಯಾರ ಮೊಣಕೈವರೆಗೆ ಜಾರುತ್ತಿತ್ತು.

“ಸೊಂಟದ ಚೀಲ ತೆಗೀರಿ ಅಮ್ಮ.”

“ಚಿಲ್ಲರೆ ಕಣೇ ಅದು.”

ಚೀಲದಿಂದ ಹೊರಬಂದದ್ದು ಎರಡೆರಡು ಕೆಜಿಯ ಎರಡು ತೂಕದ ಕಲ್ಲು!

“ಗಿರಾಕಿಗೂ ಹಿಂಗೇ ತೂಗ್ತೀರಾ?”

“ಬಾಯ್ಮುಚ್ಚೇ. ಸೊರಗಿದೀನಿ ಅಂತ ಗೊತ್ತಾದ್ರೆ ಒಳಗೆ ಮಲಗಿಸ್ತಾರೆ. ಅಂಗಡಿ ನಿಮ್ಮಪ್ಪ ನೋಡ್ತಾನಾ? ಕೆನ್ನೆದು ಮಾಮೂಲಿ ಊತ.”

“ಮಾಮೂಲಿದು ಇಳೀತಿತ್ತಲ್ವಾ? ಇದು ಕೂತು ಎಷ್ಟು ದಿನ ಆಯ್ತು?”

ಸಾಲಿನಲ್ಲಿದ್ದವರೆಲ್ಲ ಕಿವಿ ನೆಟ್ಟಿದ್ದರು. ಆಕೆ ಮೆಲ್ಲಗೆ ಮೂರು ಬೆರಳು ತೋರಿಸಿದರು. ಮೂರು ತಿಂಗಳು. ತೂಕದಕ್ಕ ಸಾಲು ತಪ್ಪಿಸಿ ಆಕೆಯನ್ನು ಡಾಕ್ಟರ ಮುಂದೆ ಕೂರಿಸಿದರು. ಗಂಟಿನ ಚೂರು ತೆಗೆದು ಪರೀಕ್ಷಿಸಿದರೆ ಲಿಂಫೋಮಾ. ಆರು ಸುತ್ತಿನ ಚಿಕಿತ್ಸೆಯಲ್ಲಿ ಈಗ ನಾಲ್ಕು ಮುಗಿದಿವೆ. “ಗೆದ್ರು ಅಂತ ಬರೀಬೇಡ ತಾಯಿ, ಇನ್ನೂ ಎರಡಿದೆ” ಎಂದು ತೂಕದಕ್ಕ, ಅವರ ಬಗ್ಗೆ ಬರೆಯಲು ಬಂದ ನನ್ನನ್ನು ಎಚ್ಚರಿಸುತ್ತಾರೆ.

ಸಂಧಿವಾತ ಇರುವ ತೂಕದಕ್ಕನಿಗೂ ಈ ಅಪಾಯ ಇದೆ. ದಿನಾ ಕನ್ನಡಿ ಮುಂದೆ ನಿಂತು ಸೊಟ್ಟ ಬೆರಳಲ್ಲೇ ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತಾರೆ. “ಕತ್ತು ಇದೆಯೇನೇ, ಕಳ್ಳರು ಒಯ್ದಿಲ್ವಲ್ಲ?” ಎಂದು ಗಂಡ ರೇಗಿಸುತ್ತಾರಂತೆ.

ಅವರ ಆಸೆ ಒಂದೇ: ಯಂತ್ರದ ಸುತ್ತ ಒಂದು ಪರದೆ. ಮೂರು ಸಲ ಅರ್ಜಿ ಕೊಟ್ಟಿದ್ದಾರೆ. “ಇಪ್ಪತ್ತು ಜನರ ಎದುರು ಮೈಯೊಳಗಿನ ಮಾತು ಯಾರು ಆಡ್ತಾರೆ?”

ಪರದೆ ಬರದಿದ್ದರೆ?

“ಕಿವಿ ಹತ್ರ ಬಗ್ಗಿ ಕೇಳ್ತೀನಿ. ಕೇಳದೆ ಮಾತ್ರ ಯಾರನ್ನೂ ಕೆಳಗಿಳಿಸಲ್ಲ.”