ಸರಪಳಿ ಕಾಕಾ ಅಳೆದ ರಸ್ತೆ

ಕಾಕಾ ಅವರ ಬಲ ಅಂಗೈಯಲ್ಲಿ ಅಡ್ಡಕ್ಕೊಂದು ಜಡ್ಡುಗಟ್ಟಿದ ಗೆರೆ ಇತ್ತು, ಕಡಕ್ ರೊಟ್ಟಿಯ ಅಂಚಿನಷ್ಟು ಗಟ್ಟಿ. ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಅಳತೆಯ ಸರಪಳಿ ಎಳೆದದ್ದರ ಗುರುತು ಅದು. ಹಾಗಾಗಿ ಸೇಡಂನ ನಮ್ಮ ಓಣಿಗೆಲ್ಲ ಅವರು ಸರಪಳಿ ಕಾಕಾ. ನಿವೃತ್ತರಾದರೂ ಅಳತೆ ಬಿಡಲಿಲ್ಲ. ದವಾಖಾನೆ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ, "ನಾಲವತ್ತ ಸರಪಳಿ, ಮ್ಯಾಲ ನಾಕ ಹೆಜ್ಜಿ" ಎನ್ನುವರು. ಕೇಳಿದವನು ಕಣ್ಣು ಕಣ್ಣು ಬಿಟ್ಟು ಆಟೋ ಹತ್ತುತ್ತಿದ್ದ.

ಸ್ಟೇಷನ್ನಿನಿಂದ ಬಸ್ ಸ್ಟ್ಯಾಂಡಿನ ಕಡೆ ಬರುವ ನಮ್ಮ ರಸ್ತೆಯ ಚರಿತ್ರೆ ಅವರಿಗೆ ಬಾಯಿಪಾಠ. ತೊಗರಿ ಹೇರಿದ ಬಂಡಿಗಳ ಕಾಲ, ಫರ್ಸಿಕಲ್ಲು ಹೊತ್ತ ಲಾರಿಗಳ ಕಾಲ, ಈಗಿನ ಸಿಮೆಂಟ್ ಟ್ಯಾಂಕರುಗಳ ಕಾಲ, ಎಲ್ಲ ಹೇಳುವರು. ಒಂದು ತಿರುವಿನ ಮಾತು ಮಾತ್ರ ಎತ್ತುವಂತಿರಲಿಲ್ಲ. ಅವರ ಮನೆ ಮುಂದೆ ರಸ್ತೆ ಕಾರಣವಿಲ್ಲದೆ ಎದುರಿನ ನಮ್ಮವ್ವನ ಹೊಲಿಗೆ ಅಂಗಡಿಯ ಕಡೆ ಬಾಗಿತ್ತು. ಹಿಂದೆ ಅಲ್ಲಿ ಬಾವಿ ಇತ್ತೆಂದು ಕೆಲವರು, ಯಾರೋ ಶರಣರು ಕೂತ ಜಾಗವೆಂದು ಕೆಲವರು. ಕಾಕಾ ಮಾತ್ರ, "ಅದು ಮೊದಲಿಂದ ಹಂಗೇ ಅದ ಬಿಡವ್ವಾ" ಎಂದು ಅಡಿಕೆ ಕತ್ತರಿಸತೊಡಗುವರು.

ಆ ತಿರುವಿನಲ್ಲಿ ಅವರ ಮನೆಯ ಕಟ್ಟೆ. ಮೊಣಕಾಲು ಹೋದ ಅವರ ಹೆಂಡತಿ, ನಮ್ಮ ಕಾಕುಗೆ ಅದೇ ಪೇಟೆ, ಅದೇ ಸಂತೆ. ಸಂಜೆ ಅಲ್ಲಿ ಕೂತು ಹೋಗಿಬರುವವರನ್ನು ಮಾತಾಡಿಸದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಒಂದು ದಿನ ರಸ್ತೆ ಅಗಲ ಮಾಡುವವರು ಬಂದರು. ಕಾಕಾನ ಕಟ್ಟೆಯೇ ರಸ್ತೆಯ ಅಂಚೆಂದು ಹಿಡಿದು ಅಲ್ಲಿಂದ ನಮ್ಮ ಕಡೆಗೆ ಟೇಪು ಎಳೆದರು. ಕೆಂಪು ಗೆರೆ ಬಿದ್ದದ್ದು ಅಂಗಡಿಯ ಹಿಂದಿನ ಗೋಡೆಗೆ. ಅಂದರೆ ಅಂಗಡಿಯೇ ಇಲ್ಲ. ಅಪ್ಪ ಹೋದ ಮೇಲೆ ನಮ್ಮನ್ನು ಸಾಕಿದ್ದು ಆ ಎಂಟಡಿ ಜಾಗ. ಅವ್ವ ಮಷೀನಿನ ಮೇಲೆ ಕೈಯಿಟ್ಟು ನಿಂತಳು.

ಕಾಕಾ ಒಳಗಿನಿಂದ ಹಾರೆ ಹಿಡಿದು ಬಂದರು. ಕಟ್ಟೆಯ ಮೇಲಿದ್ದ ಕಾಕುಗೆ, "ನೀ ಸ್ವಲ್ಪ ಏಳು" ಎಂದರು. ಕಟ್ಟೆಗೆ ಹಾಸಿದ್ದ ಒಂದು ಫರ್ಸಿಕಲ್ಲು ಎಬ್ಬಿಸಿದರು. ಒಳಗೆ ಮಣ್ಣು ಮೆತ್ತಿದ ಹಳೆಯ ಕಲ್ಲು.

"ಸಾಹೇಬ್ರ, ರಸ್ತಾದ ಅಂಚಿಗೆ ಹುಗದ ಹದ್ದಿನ ಕಲ್ಲು ಇದ ನೋಡ್ರಿ. ನಮ್ಮಪ್ಪ ಇದನ್ನ ಮುಚ್ಚಿ ಮ್ಯಾಲ ಈ ಕಟ್ಟಿ ಕಟ್ಟ್ಯಾರ. ಬಂಡಿಗೋಳು ಆ ಕಡಿ ಸರದ್ವು, ರಸ್ತಾನೂ ಸರೀತು. ಇಲ್ಲಿಂದ ಅಳೀರಿ."

ಅಂಗಡಿ ಉಳಿಯಿತು. ಕಟ್ಟೆ ಹೋಯಿತು, ರಸ್ತೆ ಕಾಕಾನ ಹೊಸ್ತಿಲಿಗೇ ಬಂತು. ಕೈ ಮುಗಿಯಲು ಹೋದ ಅವ್ವನಿಗೆ ಅವರು ಹೇಳಿದ್ದಿಷ್ಟು: "ಸರಪಳಿಗೆ ಸುಳ್ಳು ಬರಂಗಿಲ್ಲವ್ವಾ. ನನಗ ಬರ್ತಿತ್ತು."

ಕಾಕು ಎಂಟು ದಿನ ಗಂಡನ ಜೊತೆ ಮಾತು ಬಿಟ್ಟರು. ಆಮೇಲೆ ಒಂದೇ ಮಾತು: "ಊರೆಲ್ಲಾ ಅಳದ್ರಿ, ನಾ ಕುಂದ್ರೋ ಜಾಗ ಒಂದ ಅಳೀಲಿಲ್ಲ ನೋಡ್ರಿ." ಕಾಕಾ ಅಡಿಕೆ ಕತ್ತರಿಸತೊಡಗಿದರು.

ಹೋದ ವರ್ಷ ಕಾಕಾ ತೀರಿಕೊಂಡರು. ಸಾವಿನ ಮನೆಯವರನ್ನು ಮಾತಾಡಿಸಲು ಬಂದವರಿಗೆ ಅವರ ಮನೆ ಮುಂದೆ ನಿಲ್ಲಲೂ ಜಾಗವಿರಲಿಲ್ಲ. ಅವ್ವ ಮಷೀನು ಮೂಲೆಗೆ ಸರಿಸಿ ಅಂಗಡಿಯಲ್ಲಿ ಜಮಖಾನೆ ಹಾಸಿದಳು. ಟ್ಯಾಂಕರುಗಳನ್ನು ನಿಲ್ಲಿಸಿ ನಾನೂ ಅವ್ವನೂ ಕಾಕುನ ರಟ್ಟೆ ಹಿಡಿದು ದಾಟಿಸಿ ತಂದು ಕೂರಿಸಿದೆವು. ಹಿಂದಿನ ಗೋಡೆಯ ಕೆಂಪು ಗೆರೆಗೆ ಅವ್ವ ಇವತ್ತಿಗೂ ಸುಣ್ಣ ಬಳಿದಿಲ್ಲ. ಕಾಕು ಅದನ್ನು ಕೈಯಿಂದ ಸವರಿ, ತಿರುಗಿ ರಸ್ತೆ ನೋಡಿದರು.

"ನಾ ಕುಂದ್ರೋ ಜಾಗ ಇಲ್ಲಿ ಅಳದಿಟ್ಟಿದ್ರು ನೋಡವ್ವಾ ಅವ್ರು" ಎಂದರು.

ಅಂದಿನಿಂದ ಸಂಜೆ ಶಾಲೆಯ ಪಾಠ ಮುಗಿಸಿ ಬಂದು ಕಾಕುನ ಕೈ ಹಿಡಿದು ರಸ್ತೆ ದಾಟಿಸಿ ಅಂಗಡಿಯಲ್ಲಿ ಕೂರಿಸುತ್ತೇನೆ. ಕಾಕಾನ ಋಣದಲ್ಲಿ ನನ್ನಿಂದ ತೀರುವುದು ಅಷ್ಟೇ.