ಫೋನಿಗೆ ಹೂಂಗುಟ್ಟಿದ್ದು

ಡೋಣಿ ಗುಡ್ಡದ ಮೇಲಿನ ಗಾಳಿಯಂತ್ರಗಳ ಕರೆಂಟು ಸಾಗಿಸುವ ತಂತಿಗಳನ್ನು ರಿಪೇರಿ ಮಾಡುವುದು ನಮ್ಮ ಕೆಲಸ. ನಾನು ಅಸುಂಡಿಯವನು, ನನ್ನ ಜೋಡಿದಾರ ಕೊರ್ಲಹಳ್ಳಿಯವನು. ಒಬ್ಬ ಕಂಬ ಹತ್ತಿದರೆ ಇನ್ನೊಬ್ಬ ಕೆಳಗೆ ಫೋನ್ ಹಿಡಿದು ನಿಲ್ಲಬೇಕು. ಫೋನಿನ ಆ ತುದಿಯಲ್ಲಿ ಕಂಟ್ರೋಲ್ ರೂಮಿನ ತಮಿಳು ಇಂಜಿನಿಯರು. ಅವನಿಗೆ ಕನ್ನಡ ಬರದು, ನಮಗೆ ತಮಿಳು ಬರದು. ನಡುವೆ ಇಂಗ್ಲಿಷು, ಅದು ಎಲ್ಲರಿಗೂ ಅಷ್ಟಕ್ಕಷ್ಟೇ. ಕೆಳಗಿನವನು ಒಪ್ಪಿಗೆ ಕೊಟ್ಟ ಮೇಲೆಯೇ ಅವನು ಲೈನಿಗೆ ಕರೆಂಟು ಬಿಡಬೇಕು.

ನಮ್ಮ ಕಡೆ ಯಾರಾದರೂ ಮಾತಾಡುವಾಗ ಸುಮ್ಮನೆ ನಿಂತರೆ ಸೊಕ್ಕು ಅಂತಾರೆ. ಮಾತಿಗೊಂದು ‘ಹೂಂ’, ‘ಹೌದ್ರಿ’ ಬೀಳುತ್ತಲೇ ಇರಬೇಕು. ಒಪ್ಪಿದೆ ಅಂತಲ್ಲ, ಕೇಳುತ್ತಿದ್ದೇನೆ ಅಂತ. ನನ್ನ ಜೋಡಿದಾರ ಇಂಗ್ಲಿಷಿಗೂ ಅದೇ ಮರ್ಯಾದೆ ಕೊಡುತ್ತಿದ್ದ.

ಅವತ್ತು ನಾನು ಕಂಬದ ತುದಿಯಲ್ಲಿದ್ದೆ. ಕೆಳಗೆ ಇವನು ತಲೆ ಆಡಿಸುತ್ತಾ ‘ಯೆಸ್ ಸರ್, ಯೆಸ್ ಸರ್’ ಅನ್ನುತ್ತಿದ್ದ. ನಾನು ಮೇಲಿನಿಂದಲೇ ಕೂಗಿದೆ.

‘ಏನಂತಾನಲೇ ಅಂವ?’

‘ಏನೋ ಹೇಳಾಕತ್ತಾನ. ತಿಳೀವಲ್ದು.’

‘ಮತ್ತ ಯೆಸ್ ಯಾಕಂದಿ?’

‘ಮಾತಾಡಾಕತ್ತಾನಲ್ಲೋ, ಪಾಪ.’

ಇಳಿದೆನೋ, ಜಾರಿದೆನೋ ಗೊತ್ತಿಲ್ಲ. ಅಂಗೈ ಸುಲಿದಿತ್ತು. ಕಾಲು ನೆಲ ಮುಟ್ಟಿದ ಸ್ವಲ್ಪ ಹೊತ್ತಿಗೇ ಮೇಲೆ ತಂತಿ ಗುಂಯ್‌ಗುಡತೊಡಗಿತು. ಅವನು ತಂತಿ ನೋಡಿದ, ನನ್ನನ್ನು ನೋಡಿದ, ಅಲ್ಲೇ ಕುಸಿದು ಕುಳಿತ. ಬಾಯಿಗೆ ಬಂದಂತೆ ಬೈದೆ.

ಮರುದಿನದಿಂದ ಅವನು ಫೋನಿನಲ್ಲಿ ಬಾಯಿ ಬಿಡಲೇ ಇಲ್ಲ. ಇಂಜಿನಿಯರು ‘ಹಲೋ, ಹಲೋ’ ಎಂದು ಕಿರುಚಿ ಸುಸ್ತಾಗಿ, ಈ ಮನುಷ್ಯ ಬೇಡವೇ ಬೇಡ ಎಂದು ಮೇಲಿನವರಿಗೆ ದೂರು ಕೊಟ್ಟ. ಫೋನು ನನ್ನ ಕೈಗೆ ಬಂತು, ಕಂಬ ಅವನ ಪಾಲಿಗೆ ಹೋಯಿತು.

ಮೊದಲ ದಿನ ಅವನು ಮೇಲೆ ಹತ್ತಿದ. ನನ್ನ ಕಿವಿಯಲ್ಲಿ ಇಂಗ್ಲಿಷು ದಬದಬ ಸುರಿಯಿತು. ಅರ್ಧ ತಿಳಿಯಿತು, ಅರ್ಧ ಗಾಳಿಗೆ ಹೋಯಿತು. ಇಂಜಿನಿಯರು ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ನನ್ನ ಬಾಯಿ ತಾನಾಗಿ ಯೆಸ್ ಎನ್ನಲು ಹೊರಡುತ್ತಿತ್ತು. ತುಟಿ ಕಚ್ಚಿ ಹಿಡಿದೆ. ನಿಂತಲ್ಲಿ ನಿಲ್ಲಲಾಗದೆ ಕಂಬ ಸುತ್ತಿದೆ. ಹಾಳಾದ ಈ ಬಾಯಿಯ ಮೇಲೆ ಒಬ್ಬನ ಜೀವ ಇದೆಯಲ್ಲ ಎಂದು ಹೆದರಿಕೆಯಾಯಿತು.

‘ನೋ ಸರ್,’ ಎಂದೆ. ‘ಮ್ಯಾಲ ಮನಷ್ಯಾ ಅದಾನ್ರಿ.’

ಇಂಜಿನಿಯರು ಏನೋ ಕೇಳಿದ. ನೋ ಎಂದೆ. ಊಟ ಆಯಿತೇ ಎಂದು ಕೇಳಿದ್ದರೂ ನೋ ಎನ್ನುತ್ತಿದ್ದೆ. ಅವನು ಸಿಟ್ಟಿಗೆದ್ದು ಫೋನ್ ಇಟ್ಟ. ನಾನು ಮಾತ್ರ ನೋ ಸರ್, ನೋ ಸರ್ ಅನ್ನುತ್ತಲೇ ಇದ್ದೆ, ಜೋಡಿದಾರ ಕೆಳಗಿಳಿದು ಬಂದು ನನ್ನ ಕೈಯಿಂದ ಫೋನ್ ಬಿಡಿಸಿಕೊಳ್ಳುವವರೆಗೂ.